ಹಿಂದಕ್ಕೆ ತಳ್ಳಿ ನೋಡಿದ ಗಾಡಿ

ನಮ್ಮೂರಿನಿಂದ ಡೆಂಕಣಿಕೋಟೆಗೆ ಹೋಗುವ ರಸ್ತೆಯಲ್ಲಿ ಸುಗ್ಗಿಯ ದಿನಗಳಲ್ಲಿ ಅಲ್ಲಲ್ಲಿ ಟಾರೇ ಕಾಣುವುದಿಲ್ಲ. ಕೊಯ್ದ ರಾಗಿ ತೆನೆಯನ್ನು ಜನ ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಹೋಗಿ ಬರುವ ಬಸ್ಸು, ಟೆಂಪೋಗಳ ಗಾಲಿಗೆ ಸಿಕ್ಕಿ ಕಾಳು ಉದುರುತ್ತದೆ, ಒಕ್ಕಣೆಯ ಅರ್ಧ ಕೆಲಸ ಪುಕ್ಕಟೆಯಾಗಿ ಮುಗಿಯುತ್ತದೆ. ಬೈಕಿನವರು ಬೈದುಕೊಂಡು ಹೋಗುತ್ತಾರೆ, ಮರುದಿನ ತಮ್ಮ ಹೊಲದ ಮುಂದೆ ತಾವೂ ಹಾಸುತ್ತಾರೆ. ಕಳೆದ ವಾರ ನನ್ನ ಅಣ್ಣನ ಮಗಳು ಚೈತ್ರಳನ್ನು ಹಿಂದೆ ಕೂರಿಸಿಕೊಂಡು ಆ ರಸ್ತೆಯಲ್ಲಿ ಹೋಗುತ್ತಿದ್ದೆ. ಅವಳಿಗೊಂದು ಬೈಕು ಕೊಳ್ಳಬೇಕಿತ್ತು, ಅವಳ ಜೀವನದ ಮೊದಲ ಬೈಕು. ತಿರುವಿನಲ್ಲಿ ಗಾಲಿ ಹುಲ್ಲಿಗೆ ಏರಿತು. ಒಣಹುಲ್ಲು, ಇಬ್ಬನಿ, ಬಿಸಿ ರಬ್ಬರು ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಾನು ಗಾಡಿ ನಿಲ್ಲಿಸಿಬಿಟ್ಟೆ.

"ಯಾಕತ್ತೆ, ಏನಾಯ್ತು?" ಎಂದಳು ಚೈತ್ರ.

ಏನೂ ಇಲ್ಲ ಎಂದೆ. ಇಷ್ಟು ವರ್ಷವಾದರೂ ಆ ತಿರುವಿನಲ್ಲಿ ಆ ವಾಸನೆ ಬಂದರೆ ನನ್ನ ಎಡಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಯಾಕೆಂದು ಹೇಳಬೇಕಾದರೆ ನಾನು ಮೊದಲ ಬೈಕು ಆರಿಸಿದ ಆ ಸುಗ್ಗಿಯ ಕಥೆಯನ್ನೇ ಹೇಳಬೇಕು.

ಆಗ ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಗಾಡಿಗಳಿಗೆ ಹಾಕುವ ವೈರು ಹೆಣೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಎಂದು ತಂದ ಮೊದಲನೆಯವಳು ನಾನೇ. ಅದರ ಗರ್ವ ನನಗೆ ಸ್ವಲ್ಪ ಹೆಚ್ಚೇ ಇತ್ತು, ಸುಳ್ಳು ಯಾಕೆ ಹೇಳಲಿ. ಕಂಪನಿಯ ಬಸ್ಸು ಮೊದಲು ನಮ್ಮೂರಿನ ಕ್ರಾಸಿನವರೆಗೆ ಬರುತ್ತಿತ್ತು. ಒಂದು ಮುಂಜಾನೆ ಒಂಟಿ ಸಲಗ ಬಸ್ಸಿಗೆ ಅಡ್ಡ ನಿಂತಿತು. ಅಂದಿನಿಂದ ಡ್ರೈವರು ಡೆಂಕಣಿಕೋಟೆ ದಾಟಿ ಈಚೆಗೆ ಬರಲು ಒಪ್ಪಲಿಲ್ಲ. ಮೊದಲ ಶಿಫ್ಟಿಗೆ ಹೋಗಬೇಕಾದರೆ ನಾನು ಬೆಳಕು ಹರಿಯುವ ಮುಂಚೆ ಡೆಂಕಣಿಕೋಟೆ ಮುಟ್ಟಬೇಕಿತ್ತು. ಅಣ್ಣ ಆಗ ದೂರದ ಊರಿನಲ್ಲಿ ದಿನಗೂಲಿಗಿದ್ದ, ಅಪ್ಪನೇ ತನ್ನ ಹಳೇ ಮೊಪೆಡ್ಡಿನಲ್ಲಿ ಬಿಟ್ಟು ಬರುತ್ತಿದ್ದ.

ಸುಗ್ಗಿ ಬಂತು, ಆನೆಗಳೂ ಬಂದವು. ಪ್ರತಿ ವರ್ಷ ರಾಗಿ ಹಾಲುಗಟ್ಟುವ ಹೊತ್ತಿಗೆ ಅವು ಕಾಡು ಬಿಟ್ಟು ಇಳಿಯುತ್ತವೆ. ಹೊಲದ ಅಟ್ಟಣೆಯ ಮೇಲೆ ಕಾವಲು ಕೂತ ಅಪ್ಪ ಬೆಳಗಾಗುವವರೆಗೆ ಇಳಿಯುವ ಹಾಗಿರಲಿಲ್ಲ. ನಾನು ಬಸ್ಸು ತಪ್ಪಿಸಿಕೊಳ್ಳತೊಡಗಿದೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ಕಡೆಯಿಂದ ಬಂದ ನಮ್ಮ ಸೂಪರ್‌ವೈಸರಿಗೆ ಆನೆಯ ಮಾತು ನೆವದಂತೆ ಕೇಳುತ್ತಿತ್ತು. ಶನಿವಾರ ಎಲ್ಲರ ಮುಂದೆ ಹೇಳಿಬಿಟ್ಟರು: "ಇನ್ನೊರು ನಾಳ್ ಲೇಟಾ ವಂದಾ, ಅಪ್ಪುರಂ ವರವೇ ವೇಣಾಂ." ಇನ್ನೊಂದು ದಿನ ತಡವಾದರೆ ಬರುವುದೇ ಬೇಡ. ಸೋಮವಾರ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಕೆಲಸ ಹೋದಂತೆಯೇ. ಕೆಲಸ ಹೋದರೆ ಮುಂದೇನು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವನ ತವರಿನ ಕಡೆಯವರು ಆಗಲೇ ಎರಡು ಸಲ ನನ್ನ ಜಾತಕ ಕೇಳಿದ್ದರು.

ಬೈಕು ಕೊಳ್ಳುವ ಮಾತು ಅದಕ್ಕೂ ಮುಂಚೆಯೇ ಮನೆಯಲ್ಲಿ ಎದ್ದಿತ್ತು. ಎಲ್‌ಎಲ್‌ಆರ್ ಎಂಬ ಕಲಿಯುವವರ ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದೆ. ಒಂದು ಹುಡುಗಿ ಬೈಕು ಕೊಳ್ಳುತ್ತಾಳೆ ಎಂದರೆ ಊರಿನವರೆಲ್ಲ ಪಂಡಿತರಾಗುತ್ತಾರೆ. ಹಾಲಿನ ಡೈರಿಯ ಹತ್ತಿರ ನಿಂತರೆ ಕನ್ನಡದಲ್ಲಿ ಮೈಲೇಜು, ತಮಿಳಿನಲ್ಲಿ ಪಿಕಪ್ಪು, ತೆಲುಗಿನಲ್ಲಿ ಮರುಮಾರಾಟದ ಬೆಲೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ನಮ್ಮೂರಿನಲ್ಲಿ ಬೈಕು ಕೊಂಡು ನೋಡಿರಲಿಕ್ಕಿಲ್ಲ. ಅವ್ವನಿಗೆ ಸ್ಕೂಟಿ ಬೇಕಿತ್ತು. "ಹೆಣ್ಣೈಕ್ಳು ಓಡ್ಸೋದು ಅದೇ ಅಲ್ವಾ? ಗೇರು ಗೀರು ಯಾಕವ್ವಾ ನಿಂಗೆ?" ಎನ್ನುತ್ತಿದ್ದಳು. ನಮ್ಮ ಮನೆಯಿಂದ ರಸ್ತೆಗೆ ಬರುವ ಗಾಡಿಜಾಡಿನಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರು ಎರಡೂ ಓಡಾಡಿ ಮೊಣಕಾಲುದ್ದದ ಹಳ್ಳ ಬಿದ್ದಿದ್ದವು. ಸ್ಕೂಟಿಯ ಪುಟ್ಟ ಗಾಲಿ ಅದರಲ್ಲಿ ಇಳಿದರೆ ಹತ್ತುವುದು ಸಂಶಯ. ಆ ಮಾತು ಅವ್ವನ ಕಿವಿಗೆ ಹೋಗಲಿಲ್ಲ.

ಜೂಜುವಾಡಿಯ ಗಡಿಯಲ್ಲಿ, ಲಾರಿಗಳು ನಿಲ್ಲುವ ಕಡೆ, ಟೀ ಅಂಗಡಿ ಇಟ್ಟುಕೊಂಡಿದ್ದ ಮುನಿರಾಜು ಮಾವ ಅವ್ವನ ತಮ್ಮ. ಆಳು ಎತ್ತರ, ಮಾತು ಅದಕ್ಕಿಂತ ಎತ್ತರ. ಅವನು ತನ್ನದೇ ದೊಡ್ಡ ಬೈಕನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಕಪ್ಪು ಬಣ್ಣ, ಟ್ಯಾಂಕಿನ ಮೇಲೆ ಕೆಂಪು ಗೆರೆ, ಸ್ಟಾರ್ಟ್ ಮಾಡಿದರೆ ಕೊಟ್ಟಿಗೆಯ ಹಸು ಕಿವಿ ನಿಮಿರಿಸಿತು.

"ಇದನ್ನ ಓಡ್ಸಿ ಕಲ್ಕೋ ರತ್ನ. ಇಷ್ಟ ಆದ್ರೆ ನೀನೇ ಮಡಿಕೋ, ನಾನು ಬ್ಯಾರೆ ತಕ್ಕಂತೀನಿ. ಆನೆ ಗೀನೆ ಎದುರಿಗೆ ಬಂದ್ರೆ ಒಂದ್ಸಲ ಆಕ್ಸಿಲೇಟರ್ ತಿರುವು ಸಾಕು. ಈ ಸದ್ದಿಗೆ ಅದು ಕಾಡು ಬಿಟ್ಟು ಕೃಷ್ಣಗಿರಿಗೆ ಓಡ್ಬುಡ್ತದೆ."

ನನಗೆ ಆ ಬೈಕು ನೋಡಿದ ತಕ್ಷಣ ಇಷ್ಟವಾಯಿತು. ಸ್ಕೂಟಿಯ ಮೇಲೆ ಹೋಗುವ ನನಗಿಂತ ಈ ಬೈಕಿನ ಮೇಲೆ ಹೋಗುವ ನಾನು ನನಗೇ ಚೆನ್ನಾಗಿ ಕಾಣುತ್ತಿದ್ದೆ. ರಾಗಿ ಕೊಯ್ದ ಹೊಲದಲ್ಲಿ ಕಲಿಯಲು ಶುರುಮಾಡಿದೆ. ಕ್ಲಚ್ಚು ಬಿಟ್ಟರೆ ಗಾಡಿ ಎಗರಿ ನಿಂತುಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ರಾಗಿ ಕೂಳೆಯನ್ನು ಬೈದೆ. ಸೀಟಿನ ಮೇಲೆ ಕೂತರೆ ನನ್ನ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ಮುಟ್ಟುತ್ತಿತ್ತು. ಅದನ್ನು ಯಾರಿಗೂ ತೋರಿಸಿಕೊಳ್ಳದೆ ದಪ್ಪ ಅಟ್ಟೆಯ ಶೂ ಹಾಕಿಕೊಂಡೆ. ಕೆಲವು ದಿನಗಳಲ್ಲಿ ರಸ್ತೆಗೂ ಇಳಿದೆ, ಡೆಂಕಣಿಕೋಟೆಯ ಸಂತೆಬೀದಿಯವರೆಗೆ ಹೋಗಿಯೂ ಬಂದೆ.

ಅಪ್ಪ ಇದನ್ನೆಲ್ಲ ಬೀಡಿ ಸೇದುತ್ತ ನೋಡುತ್ತಿದ್ದ. ಅಪ್ಪನ ಮಾತು ಕಡಿಮೆ. ಒಂದು ಸಂಜೆ ನಾನು ಹೊಲದ ಬದುವಿಗೆ ಬಂದು ನಿಂತಾಗ ಒಂದೇ ಪ್ರಶ್ನೆ ಕೇಳಿದ.

"ಆಫ್ ಮಾಡಿ ಹಿಂದಕ್ಕೆ ತಳ್ಳೀಯಾ?"

"ಬೈಕು ತಕ್ಕೊಳ್ಳೋದು ಮುಂದಕ್ಕೆ ಹೋಗಕ್ಕಲ್ವೇನಪ್ಪಾ?" ಎಂದು ನಕ್ಕೆ. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದ ಮಾವನೂ ನಕ್ಕ.

"ಮುಂದಕ್ಕೆ ಎಲ್ಲಾ ಗಾಡಿನೂ ಹೋಯ್ತದೆ ಕಣವ್ವಾ," ಎಂದು ಅಪ್ಪ ಬೀಡಿ ಒಗೆದು ಅಟ್ಟಣೆ ಹತ್ತಿದ. ಆಮೇಲೆ ಆ ಮಾತು ಎತ್ತಲಿಲ್ಲ.

ಭಾನುವಾರ ಸಂಜೆಯ ಬಸ್ಸಿನ ಕಂಡಕ್ಟರು ಸುದ್ದಿ ತಂದ: ಆನೆಗಳೆಲ್ಲ ನಾಟ್ರಾಂಪಾಳ್ಯದ ಕಡೆಗೆ ಇಳಿದಿವೆ, ಈ ಕಡೆ ಒಂದೂ ಇಲ್ಲ. ಊರಿನವರೆಲ್ಲ ಉಸಿರು ಬಿಟ್ಟರು. ಅಪ್ಪ ಅಂದು ರಸ್ತೆಯ ತಿರುವಿನಲ್ಲಿ ಆ ವರ್ಷದ ನಮ್ಮ ರಾಗಿಯನ್ನೆಲ್ಲ ಹಾಸಿದ್ದ. ಇಳಿಹೊತ್ತಿಗೆ ಅದನ್ನು ಕಣಕ್ಕೆ ಸಾಗಿಸಬೇಕಿತ್ತು. ಸುದ್ದಿ ಕೇಳಿದ ಮೇಲೆ ರಸ್ತೆಯ ಪಕ್ಕದಲ್ಲೇ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿ ಬಂದ. ಇನ್ನೂ ಕೊಯ್ಯದ ಅಕ್ಕಪಕ್ಕದವರ ಹೊಲಗಳಿಗೆ ಕಾವಲು ಬೇಕಲ್ಲ, ಅಭ್ಯಾಸದಂತೆ ಅಟ್ಟಣೆಗೆ ಹೋದ. ಹೋಗುವ ಮುಂಚೆ, ನಾನು ಒಬ್ಬಳೇ ಹೋಗುತ್ತೇನೆ ಎಂದಾಗ, ಬೇಡ ಎನ್ನಲಿಲ್ಲ. ನಿಧಾನ ಎಂದ ಅಷ್ಟೆ. ಅವ್ವ ಮುನೇಶ್ವರನ ಗುಡಿಯಲ್ಲಿ ಪೂಜೆ ಮಾಡಿಸಿದ ಪುಟ್ಟ ಹಿತ್ತಾಳೆ ಗಂಟೆಯೊಂದನ್ನು ತಂದು ಮಾವನ ಬೈಕಿನ ಹ್ಯಾಂಡಲಿಗೆ ಕಟ್ಟಿದಳು. ನಮ್ಮ ಕಡೆ ಎತ್ತಿನ ಕೊರಳಿಗೆ ಕಟ್ಟಿದ ಹಾಗೆ ಗಾಡಿಗೂ ಕಟ್ಟುತ್ತೇವೆ, ದೇವರು ಜೊತೆಗೆ ಇರಲಿ ಎಂದು.

ಸೋಮವಾರ ನಸುಕಿನಲ್ಲಿ ಹೊರಟೆ. ಮಂಜು ಎಷ್ಟಿತ್ತೆಂದರೆ ಹೆಡ್‌ಲೈಟಿನ ಬೆಳಕು ಮುಂದಿನ ಗಾಲಿಯ ಹತ್ತಿರವೇ ಬಿದ್ದಿರುತ್ತಿತ್ತು. ಹೆದರಿಕೆಯಿತ್ತು, ಅದರ ಜೊತೆಗೆ ಒಂದು ಖುಷಿ. ದಿಣ್ಣೆ ಹತ್ತಿ, ತಿರುವಿನ ತಗ್ಗಿಗೆ ಇಳಿದೆ. ಗಾಲಿ ಹುಲ್ಲಿನ ಮೇಲೆ ಹೋಯಿತು. ರಾಗಿ ಹುಲ್ಲು ಇಬ್ಬನಿಯಲ್ಲಿ ನೆಂದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಹಿಂದಿನ ಗಾಲಿ ಪಕ್ಕಕ್ಕೆ ಎಳೆಯಿತು, ಬ್ರೇಕು ಒತ್ತಿದೆ, ಕ್ಲಚ್ಚು ಮರೆತೆ, ಗಾಡಿ ಎಗರಿ ನಿಂತುಹೋಯಿತು. ಬೀಳಲಿಲ್ಲ. ನನ್ನನ್ನು ನಾನೇ ಬೈದುಕೊಂಡು ಸ್ಟಾರ್ಟ್ ಬಟನ್ನಿಗೆ ಬೆರಳು ಇಟ್ಟೆ.

ಆಗ ವಾಸನೆ ಬಂತು. ಹಸಿ ಲದ್ದಿಯ, ಹುಳಿ ಹುಳಿಯಾದ ವಾಸನೆ. ಆಮೇಲೆ ಸದ್ದು. ಯಾರೋ ದೊಡ್ಡ ಬಟ್ಟೆಯನ್ನು ನಿಧಾನವಾಗಿ ಒದರಿದ ಹಾಗೆ. ಟಾರ್ಪಾಲು ಹರಿಯುತ್ತಿತ್ತು. ಹೆಡ್‌ಲೈಟಿನ ಅಂಚಿನಲ್ಲಿ, ಮಂಜಿನ ಒಳಗೆ, ಒಂದು ಕಾಲು ಕಂಡಿತು. ಅದರ ಹಿಂದೆ ಇನ್ನೊಂದು. ಅವುಗಳ ನಡುವೆ ಒಂದು ಮರಿ.

ಬೀಗದ ಕೈ ತಿರುಗಿಸಿದೆ. ದೀಪ ಆರಿತು. ಇದು ನಮ್ಮ ಕಡೆಯ ಮಕ್ಕಳಿಗೂ ಗೊತ್ತಿರುವ ಪಾಠ: ದೀಪ ಆರಿಸು, ಸದ್ದು ಮಾಡಬೇಡ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗು. ಮರಿಯಿರುವ ಆನೆಗೆ ದಾರಿ ಬಿಡು. ಮಾವನ ಪಾಠ ಬೇರೆಯಿತ್ತಲ್ಲ, ಆಕ್ಸಿಲೇಟರ್ ತಿರುವು ಎಂದು. ಒಂದು ಕ್ಷಣ ಬೆರಳು ಬಟನ್ನಿನ ಮೇಲೇ ಇತ್ತು. ಆ ಗಾಡಿಗೆ ದೀಪ ಆರಿಸುವ ಸ್ವಿಚ್ಚೇ ಇರಲಿಲ್ಲ, ಎಂಜಿನ್ ಎದ್ದರೆ ದೀಪವೂ ಎದ್ದಂತೆ. ಮರಿಯ ಕಣ್ಣಿಗೆ ಬೆಳಕು ಬಿಟ್ಟು, ತಾಯಿಯ ಮುಖಕ್ಕೆ ಸದ್ದು ಬಿಟ್ಟು, ಜಾರುವ ಹುಲ್ಲಿನ ಮೇಲೆ ಗಾಡಿ ತಿರುಗಿಸಿ ಓಡುವುದು. ಕ್ಲಚ್ಚು ಮರೆಯುವ ನಾನು. ಬೆರಳು ತೆಗೆದೆ.

ಹಿಂದಕ್ಕೆ ತಳ್ಳಲು ನೋಡಿದೆ. ಹಿಂದೆ ನಾನು ಇಳಿದು ಬಂದ ದಿಣ್ಣೆ. ಬೆರಳ ತುದಿಯಲ್ಲಿ ಹುಲ್ಲನ್ನು ಒತ್ತಿದರೆ ಹುಲ್ಲು ಜಾರಿತು, ಗಾಡಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಅಷ್ಟಕ್ಕೇ ಹ್ಯಾಂಡಲಿನ ಗಂಟೆ ಟಿಣ್ ಎಂದಿತು. ಎದುರಿಗೆ ಒದರುವ ಸದ್ದು ನಿಂತಿತು. ನನ್ನ ಎಡಗೈ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿತು. ಇನ್ನು ಕೈ ಬಿಟ್ಟರೆ ಗಂಟೆ ಸದ್ದು ಮಾಡುತ್ತದೆ, ಬಿಡದಿದ್ದರೆ ಗಾಡಿ ತಳ್ಳಲಾಗುವುದಿಲ್ಲ, ಗಾಡಿ ಬಿಟ್ಟರೆ ದಡಾರನೆ ಬೀಳುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ, ನನಗೆ ಎರಡೂ ಒಂದೇ ಬೈಕಿನ ಮೇಲೆ ಕೂತಿದ್ದವು. ಅಪ್ಪ ಕೇಳಿದ ಪ್ರಶ್ನೆ ಆಗ ಅರ್ಥವಾಯಿತು. ಅಳು ಬಂತು, ಅಳುವುದಕ್ಕೂ ಹೆದರಿಕೆಯಾಯಿತು.

ಬಗ್ಗಿ, ಬಲಗೈಯಿಂದ ನೆಲದ ಹುಲ್ಲು ಕಿತ್ತು, ಗಂಟೆಯ ಬಾಯಿಗೆ ತುರುಕಿದೆ. ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಮುಷ್ಟಿ ಬಿಡಿಸಿದಾಗ ಗಂಟೆ ಸುಮ್ಮನಿತ್ತು. ಆಮೇಲೆ ಒಂದು ಕಾಲು ಈಚೆ ಹಾಕಿ, ಗಾಡಿಯ ಭಾರವನ್ನು ತೊಡೆಗೆ ಆನಿಸಿಕೊಂಡು, ಹುಲ್ಲು ದಪ್ಪವಾಗಿದ್ದ ಕಡೆಗೆ ನಿಧಾನವಾಗಿ ಮಲಗಿಸಿದೆ. ಹೊಟ್ಟೆಯ ನರ ಹಿಡಿದುಕೊಂಡಿತು. ಗಾಡಿ ಮಲಗಿದಾಗ ಹುಲ್ಲು ನಲುಗಿದ ಸದ್ದು ಬಿಟ್ಟು ಇನ್ನೊಂದಿಲ್ಲ. ಬ್ಯಾಗಿನಲ್ಲಿದ್ದ ಫೋನು ನೆನಪಾಯಿತು. ಈಗ ಅವ್ವ ಫೋನು ಮಾಡಿದರೆ? ಕೈಗೆ ಸಿಕ್ಕ ಗುಂಡಿಯನ್ನು ಬ್ಯಾಗಿನೊಳಗೇ ಒತ್ತಿ ಹಿಡಿದು ಆರಿಸಿದೆ. ಬೆನ್ನು ತಿರುಗಿಸದೆ, ಹಿಮ್ಮುಖವಾಗಿ, ಕಾಲಿನಿಂದ ನೆಲ ತಡವುತ್ತ ದಿಣ್ಣೆ ಹತ್ತಿದೆ. ಮೋರಿಯ ಕಟ್ಟೆ ಸಿಕ್ಕಿತು. ಅದರ ಮರೆಯಲ್ಲಿ ಕುಳಿತೆ.

ಅಲ್ಲಿ ಕುಳಿತು ನನಗೆ ಬಂದದ್ದು ಕೋಪ. ದಿನಾ ಈ ಹೊತ್ತಿಗೆ ನಮ್ಮ ಹೊಲಗಳಲ್ಲಿ ಪಟಾಕಿ ಸಿಡಿಯುತ್ತದೆ, ತಗಡು ಬಡಿಯುತ್ತಾರೆ, ಕೂಗಾಡಿ ಆನೆಯನ್ನು ಕಾಡಿಗೆ ಅಟ್ಟುತ್ತಾರೆ. ಇವತ್ತು ಒಂದು ಕೆಮ್ಮೂ ಇಲ್ಲ. ಇಲ್ಲಿ ನಾನು ಸಾಯುತ್ತಿದ್ದೇನೆ, ಎಲ್ಲರೂ ಮುಸುಕು ಹಾಕಿಕೊಂಡು ಮಲಗಿದ್ದಾರೆ, ಅಪ್ಪನೂ ಮಲಗಿದ್ದಾನೆ ಎಂದುಕೊಂಡೆ. ಕೆಳಗೆ ಅವು ತಿನ್ನುತ್ತಲೇ ಇದ್ದವು. ನಮ್ಮ ರಾಗಿ ಎನ್ನುವುದು ಗೊತ್ತಿತ್ತು. ಬಸ್ಸು ಹೋಯಿತು ಎನ್ನುವುದೂ ಗೊತ್ತಿತ್ತು. ಕೆಲಸ ಹೋಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ, ಜೀವ ಉಳಿದರೆ ಸಾಕು ಎಂದು ಕೂಡಲೇ ಇನ್ನೊಂದು ಮಾತು ಸೇರಿಸಿದೆ.

ಬೂದು ಬೆಳಕು ಹರಿದಾಗ ಅವು ಮರಿಯನ್ನು ಮುಂದೆ ಮಾಡಿಕೊಂಡು ರಸ್ತೆ ದಾಟಿ ಕಾಡಿಗೆ ಇಳಿದವು. ಒಂದು ಹೆಣ್ಣಾನೆ ಮಲಗಿದ್ದ ಬೈಕನ್ನು ಸೊಂಡಿಲಿನಿಂದ ಮೂಸಿತು, ಗಾಲಿಗೆ ಸುತ್ತಿದ್ದ ಹುಲ್ಲನ್ನು ಎಳೆದುಕೊಂಡಿತು, ಕನ್ನಡಿಯ ಮೇಲೆ ಕಾಲಿಟ್ಟು ಹೋಯಿತು. ಅವು ಮರೆಯಾದ ಮೇಲೂ ನಾನು ಏಳಲಿಲ್ಲ. ಅಪ್ಪ ಬದುವಿನ ಮೇಲಿನಿಂದ ಓಡಿ ಬಂದ. ಹೆಗಲ ಮೇಲೆ ಕಂಬಳಿ, ಮೊಣಕಾಲವರೆಗೆ ಕೆಸರು. ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದ. ಆಮೇಲೆ ಹೇಳಿದ: "ಬಸ್ಸು ಹೋಗಿರ್ತದೆ. ನಡಿ, ಹೊಸೂರಿಗೇ ಬುಟ್ಬತ್ತೀನಿ."

ಅದೇ ಕೆಸರಿನ ಕಾಲಿನಲ್ಲಿ ಮೊಪೆಡ್ಡಿನ ಮೇಲೆ ಹೊಸೂರಿನವರೆಗೆ ಹೋದೆವು. ಗೇಟಿನಲ್ಲಿ ಸೂಪರ್‌ವೈಸರು ಗಡಿಯಾರ ನೋಡಿ ಬಾಯಿ ತೆರೆಯುವ ಮುಂಚೆ ಅಪ್ಪ ಕೈ ಮುಗಿದ. "ಯಾನೆ ಸಾರ್. ರೋಟ್ಲ ನಿನ್ನುರುಚ್ಚು," ಎಂದ, ರಸ್ತೆಯಲ್ಲಿ ಆನೆ ನಿಂತುಬಿಟ್ಟಿತು ಎಂದು. ಸೂಪರ್‌ವೈಸರು ಅಪ್ಪನ ಕಾಲು ನೋಡಿದರು, ನನ್ನ ಜಡೆಯಲ್ಲಿ ಸಿಕ್ಕಿದ್ದ ಹುಲ್ಲು ನೋಡಿದರು. ಆಮೇಲೆ ನೀರು ತರಿಸಿದರು. ಒಳಗೆ ಹೋಗು, ಮೊದಲು ಕೂತುಕೋ, ನಾಳೆಯಿಂದ ಹೇಗೆ ಬರುತ್ತೀ ಎನ್ನುವುದನ್ನು ಮಾತ್ರ ಸರಿ ಮಾಡಿಕೋ ಎಂದರು. ನಾಳೆಯಿಂದ ಎನ್ನುವ ಮಾತು ಕೇಳಿ ನನಗೆ ಹೋದ ಜೀವ ಬಂತು.

ಶಿಫ್ಟು ಮುಗಿಸಿ ಬಂದಾಗ ಅಪ್ಪ ಗೇಟಿನ ಎದುರಿನ ಮರದ ಕೆಳಗೆ ಕೂತಿದ್ದ. ಊರಿಗೆ ಹೋಗಿರಲೇ ಇಲ್ಲ. ಇನ್ನು ಕೆಲಸ ಬೇಡ ಎನ್ನುತ್ತಾನೆ ಎಂದು ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಅಪ್ಪ ಎದ್ದು ಪಂಚೆ ಕೊಡವಿ, "ಬಾ, ಗಾಡಿ ನೋಡಾನ," ಎಂದ.

ಶೋರೂಮಿನ ಹುಡುಗ ಮೈಲೇಜು, ಬಣ್ಣ, ಕಂತು ಎಂದು ಶುರುಮಾಡಿದ. ಅಪ್ಪ ಎಲ್ಲ ಕೇಳಿ, "ಅದೆಲ್ಲಾ ಇರ್ಲಪ್ಪಾ. ಆಫ್ ಮಾಡಿ ಈಚೆ ತಗಿ," ಎಂದ. ಅಂಗಡಿಯ ಮುಂದೆ ಗಾಡಿ ಹತ್ತಿಸುವ ಇಳಿಜಾರಿತ್ತು. ಅಪ್ಪ ಒಂದೊಂದೇ ಬೈಕಿನ ಮೇಲೆ ಕೂತು, ಕೆಸರು ಒಣಗಿದ ಕಾಲಿನಿಂದ ಒತ್ತಿ, ಆ ಇಳಿಜಾರನ್ನು ಹಿಮ್ಮುಖವಾಗಿ ಹತ್ತಿಸಿ ನೋಡಿದ. ಅವನಿಗೆ ಗೇರಿನ ಬೈಕು ಓಡಿಸಲು ಬರುತ್ತಿರಲಿಲ್ಲ, ತಳ್ಳಲು ಬರುತ್ತಿತ್ತು. ಕೊಳ್ಳಲು ಬಂದವರು ನಗುತ್ತ ನಿಂತರು. ನನಗೆ ನಗು ಬರಲಿಲ್ಲ, ಬೆಳಗ್ಗೆಯ ದಿಣ್ಣೆ ಕಾಣುತ್ತಿತ್ತು. ಕೊನೆಗೆ ಮೂಲೆಯಲ್ಲಿದ್ದ ಬೂದು ಬಣ್ಣದ, ಸೀಟು ತಗ್ಗಿನ ಸಣ್ಣ ಬೈಕಿನಿಂದ ಇಳಿದು, "ಈಗ ನೀನು," ಎಂದ.

ಕುಳಿತೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು. ಒತ್ತಿದೆ, ಗಾಡಿ ಹಿಂದಕ್ಕೆ ಹತ್ತಿತು. ನೋಡಲು ಅದು ಏನೇನೂ ಚೆನ್ನಾಗಿರಲಿಲ್ಲ. ಮಾವ ನೋಡಿದರೆ ಇದು ಮೇಷ್ಟ್ರ ಬೈಕು ಎಂದು ಆಡಿಕೊಳ್ಳುತ್ತಾನೆ ಎಂದು ಗೊತ್ತಿತ್ತು, ಮುಂದೆ ಆಡಿಕೊಂಡ ಕೂಡ. ಅದನ್ನೇ ತೆಗೆದುಕೊಳ್ಳುತ್ತೇನೆ ಎಂದೆ.

ಊರಿಗೆ ಬರುವಾಗ ಸಂಜೆ. ಪಕ್ಕದ ಹೊಲದ ಗುರಪ್ಪಣ್ಣ ಮಾವನ ಬೈಕನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿ ತಿರುವಿನಲ್ಲಿ ನಿಂತಿದ್ದ. ಅಪ್ಪ ಮೊಪೆಡ್ಡು ನಿಲ್ಲಿಸಿ ತುಳಿದು ಕೆಸರಾದ ರಾಗಿಯ ಕಡೆಗೆ ಹೋದ. ಗುಡ್ಡೆಯಲ್ಲಿ ಹಿಡಿ ಕಾಳೂ ಉಳಿದಿರಲಿಲ್ಲ. ಬೆಳಗ್ಗೆಯ ಕೋಪ ನನಗೆ ಇನ್ನೂ ಇತ್ತು. "ಎಲ್ರೂ ಮಲಗ್ಬುಟ್ಟಿದ್ರಾ ಗುರಪ್ಪಣ್ಣ? ಒಂದು ಪಟಾಕಿ ಹಚ್ಚಕ್ಕಾಗ್ನಿಲ್ವಾ?" ಎಂದೆ.

ಗುರಪ್ಪಣ್ಣ ನನ್ನನ್ನೇ ನೋಡಿದ. "ಹಚ್ಚಕ್ಕೇ ನಿಂತಿದ್ವಿ ಕಣವ್ವಾ. ಕಡ್ಡಿ ಗೀರಿದ್ದೆ. ಅಷ್ಟೊತ್ಗೆ ನಿನ್ ಗಾಡಿ ಲೈಟು ತಿರುವಿಗೆ ಬಂದು ಆರೋಯ್ತು. ನಿಮ್ಮಪ್ಪ ಅಟ್ಟಣೆಯಿಂದ ಧುಮುಕ್ಬುಟ್ಟ. ಪಟಾಕಿ ಹೊಡುದ್ರೆ ಅವು ರಸ್ತೆಗೇ ನುಗ್ಗೋದು, ಅಲ್ಲಿ ನನ್ ಮಗಳವ್ಳೆ, ತಿನ್ನಲಿ ಬುಡ್ರಪ್ಪಾ, ಹೊಟ್ಟೆ ತುಂಬ ತಿನ್ನಲಿ ಅಂತ ಬದು ಬದುಗೂ ಓಡಿ ಓಡಿ ಎಲ್ರಿಗೂ ಕೈ ಮುಗುದ. ನಾನು ನಿಂಗೆ ಫೋನ್ ಮಾಡಾನ ಅಂದೆ. ಫೋನೇ ಕಿತ್ಕಂಬುಟ್ಟ, ಅದು ಕೂಗ್ಬುಟ್ರೆ ಅಂತ. ತಿಂದಿದ್ದು ಅವನ ರಾಗಿನೇ ಅಲ್ವೇನವ್ವಾ."

ನಾನು ಅಪ್ಪನ ಕಡೆ ನೋಡಿದೆ. ಅವನು ಬಗ್ಗಿ ಹುಲ್ಲಿನಲ್ಲಿ ಏನನ್ನೋ ಹುಡುಕುತ್ತಿದ್ದ. ಮಾವನ ಬೈಕಿನ ಹ್ಯಾಂಡಲಿನಿಂದ ಕಳಚಿ ಬಿದ್ದಿದ್ದ ಗಂಟೆ. ಎತ್ತಿ ಒರೆಸಿ, ಅದರ ಬಾಯಿಂದ ಹುಲ್ಲು ತೆಗೆಯದೆ, ಜೇಬಿಗೆ ಹಾಕಿಕೊಂಡ. ಆ ವರ್ಷ ನಮ್ಮ ಮನೆಯಲ್ಲಿ ಅಂಗಡಿಯ ರಾಗಿಯಲ್ಲೇ ಮುದ್ದೆ ಆಯಿತು. ಅಪ್ಪ ಒಂದು ದಿನವೂ ಅದರ ಮಾತು ಆಡಲಿಲ್ಲ, ನನಗೂ ಆಡಲಾಗಲಿಲ್ಲ. ಬೂದು ಬೈಕಿನಲ್ಲಿ ಸೂರ್ಯ ಹುಟ್ಟುವ ಮುಂಚೆ ಹೊರಟು ಸುಗ್ಗಿ ಪೂರ್ತಿ ಕೆಲಸಕ್ಕೆ ಹೋದೆ. ಇನ್ನೆರಡು ಸಲ ತಿರುವಿನಲ್ಲಿ ಆನೆಗಳು ಸಿಕ್ಕಿದವು. ಎರಡೂ ಸಲ ಸದ್ದಿಲ್ಲದೆ ಹಿಂದಕ್ಕೆ ಹತ್ತಿದೆ.

ಕಳೆದ ವಾರ ಹೊಸೂರಿನ ಶೋರೂಮಿನಲ್ಲಿ ಚೈತ್ರ ಫೋನಿನಲ್ಲಿ ನೋಡಿದ್ದ ಬೈಕಿನ ಸುತ್ತ ತಿರುಗುತ್ತಿದ್ದಳು. ಕಪ್ಪು ಬಣ್ಣದ್ದೇ. ಮಾರುವ ಹುಡುಗಿ ಚುರುಕಾಗಿ ಎಲ್ಲ ವಿವರಿಸುತ್ತಿದ್ದಳು. ಆಗ ಊರಿನಿಂದ ನನಗೆ ಫೋನು ಬಂತು. ಅಪ್ಪ. ಈಗ ಅಟ್ಟಣೆ ಹತ್ತಲಾರ, ಅಣ್ಣನ ಮನೆಯ ಜಗುಲಿಯಲ್ಲಿ ಕೂತು ಎಲ್ಲರ ಕೆಲಸಕ್ಕೂ ಬಾಯಿ ಹಾಕುತ್ತಾನೆ. ಯಾವ ಕಂಪನಿ ಎಂದು ಕೇಳಲಿಲ್ಲ, ಎಷ್ಟು ಎಂದೂ ಕೇಳಲಿಲ್ಲ.

"ಮಗು ತಳ್ಳಿದ್ಳಾ?" ಎಂದ.

"ಇನ್ನೂ ಇಲ್ಲ ಕಣಪ್ಪಾ."

"ತಳ್ಳಲಿ. ನಾನು ಹಿಡ್ಕಂಡಿರ್ತೀನಿ," ಎಂದು ಫೋನು ಹಿಡಿದೇ ಕೂತ.

ನಾನು ಚೈತ್ರಳನ್ನು ಕರೆದು, ಆಫ್ ಮಾಡಿಸಿ, ಇಳಿಜಾರಿನ ಕೆಳಗೆ ಗಾಡಿ ನಿಲ್ಲಿಸಿದೆ. ಅವಳು ನಗುತ್ತಲೇ ಕುಳಿತಳು. ಮೊದಲ ಸಲ ಆಗಲಿಲ್ಲ. ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡು, ಹಲ್ಲು ಕಚ್ಚಿ, ಎರಡೂ ಪಾದ ಊರಿ ಒತ್ತಿದಳು. ಗಾಲಿ ಅಲುಗಿತು, ಒಂದೊಂದೇ ಗೇಣು ಮೇಲೆ ಹತ್ತಿತು. ಅತ್ತಕಡೆ ಅಪ್ಪನ ಉಸಿರು ನನಗೆ ಕೇಳಿಸುತ್ತಿತ್ತು.

"ಹತ್ತಿಸ್ಬುಟ್ಳು ಅಪ್ಪಾ," ಎಂದೆ.

"ಹಂಗಾದ್ರೆ ಸರಿ, ತಕ್ಕಂಬನ್ನಿ," ಎಂದ ಅಪ್ಪ. "ಗಂಟೆ ನನ್ ಹತ್ರಾನೇ ಐತೆ. ಹುಲ್ಲು ಹಂಗೇ ಐತೆ."